ಮರಳಿ ಬಂದ ಬಲ

ಕಳೆದ ಬಲ ಮರಳಿ ಬರುತ್ತದೆಯೋ, ಅದರ ಹೆಸರಿನಲ್ಲಿ ಬೇರೊಂದು ಬಲ ಬರುತ್ತದೆಯೋ? ಭುಜದ ಶಸ್ತ್ರಚಿಕಿತ್ಸೆಯಾಗಿ, ತಿಪಟೂರಿನಲ್ಲಿ ಮತ್ತೆ ಜಿಮ್ಮಿಗೆ ಹೋಗತೊಡಗಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೊಬ್ಬರಿ ಚೀಲವನ್ನು ಅಳುಕದೆ ಎತ್ತುತ್ತಿದ್ದ ತೋಳು ಈಗ ಸಣ್ಣ ಡಂಬಲ್ಲಿಗೂ ನಡುಗುತ್ತದೆ.

ಭುಜದಲ್ಲಿ ಹರಿದ ಸ್ನಾಯುರಜ್ಜುವನ್ನು ವೈದ್ಯರು ಎಲುಬಿಗೆ ಕೂಡಿಸಿ ಹೊಲಿಯುತ್ತಾರೆ. ಕೆಲವು ವಾರ ಕೈ ತೂಗುಪಟ್ಟಿಯಲ್ಲಿ. ಭಾರದ ಮಾತು ಸಾಮಾನ್ಯವಾಗಿ 3 ತಿಂಗಳು ಕಳೆದ ಮೇಲೆ. ರಜ್ಜು ಎಲುಬನ್ನು ಸೇರುವಲ್ಲಿ ಮೊದಲು ಹಂತಹಂತವಾಗಿ ಗಟ್ಟಿಯಾಗುವ ಪದರಗಳಿದ್ದವು. ಹೊಲಿದ ಮೇಲೆ ಅಲ್ಲಿ ಬೆಳೆಯುವುದು ಬಹುಪಾಲು ಗಾಯದ ಕಲೆಯ ಅಂಗಾಂಶ. ಅದು ಹಿಡಿಯುತ್ತದೆ, ದುಡಿಯುತ್ತದೆ. ಮೊದಲಿನ ನೇಯ್ಗೆ ಮಾತ್ರ ಹಾಗೆಯೇ ಕೂಡಿಬರುವುದಿಲ್ಲ.

ಈ ಸೀಮೆಯಲ್ಲಿ ಇದನ್ನು ಅರಿಯಲು ತೋಟಕ್ಕೆ ಹೋದರೆ ಸಾಕು. ಮಾವಿನ ಮರಕ್ಕೆ ಕೊಡಲಿ ತಾಗಿದರೆ ಸುತ್ತಲ ತೊಗಟೆ ಉಬ್ಬಿ ವರ್ಷಗಳಲ್ಲಿ ಗಾಯವನ್ನು ಮುಚ್ಚುತ್ತದೆ. ತೆಂಗಿಗೆ ಆ ಭಾಗ್ಯವಿಲ್ಲ. ಅದರ ಕಾಂಡದಲ್ಲಿ ಹೊಸ ಪದರ ಕಟ್ಟುವ ಅಂಗಾಂಶವೇ ಇಲ್ಲ. ಹತ್ತಲೆಂದು ಅಜ್ಜನ ಕಾಲದಲ್ಲಿ ಕಡಿದ ಕಚ್ಚು ಮೊಮ್ಮಗನ ಕಾಲಕ್ಕೂ ಹಾಗೆಯೇ ಬಾಯ್ದೆರೆದಿರುತ್ತದೆ, ಉದುರಿದ ಒಂದೊಂದು ಗರಿಯೂ ಉಂಗುರದಂಥ ಗುರುತು ಬಿಟ್ಟಿರುತ್ತದೆ. ಮರ ಬೆಳೆಯುವುದು ತುದಿಯ ಸುಳಿಯೊಂದರಿಂದ. ಗಾಯವನ್ನು ಕೆಳಗೇ ಬಿಟ್ಟು ಅದು ಮೇಲೇರುತ್ತದೆ, ವರ್ಷ ವರ್ಷವೂ ಹೊಂಬಾಳೆ ಬಿಡುತ್ತದೆ.

ನಾನು ಹಂಬಲಿಸುವ ಆ ಹಳೆಯ ಭುಜವಾದರೂ ಎಂದು ಸ್ಥಿರವಾಗಿತ್ತು? ವಯಸ್ಸಾದಂತೆ ಈ ರಜ್ಜು ತಾನೇ ಸವೆಯುತ್ತದೆ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವನ್ನೂ ಕೊಡದೆ ಹರಿದಿರುತ್ತದೆ. ಇದೆ ಎಂದುಕೊಂಡ ದಿನಗಳಲ್ಲೂ ಆ ಭುಜ ಹೋಗುತ್ತಲೇ ಇತ್ತು.

ಹೀಗೆ ಯೋಚಿಸುವಾಗ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಸುಲಿಯುವವರು ನೆನಪಾಗುತ್ತಾರೆ. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ತಿರುಚುವಾಗ ಮೈಯ ಭಾರವೆಲ್ಲ ಭುಜದ ಮೇಲೆ. ಅಟ್ಟದಲ್ಲಿ ಹತ್ತಿರ ಹತ್ತಿರ ವರ್ಷ ಒಣಗಿದ ಕಾಯಿ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬಂದಾಗ ಅದಕ್ಕೆ ತೂಕವಿದೆ, ದರವಿದೆ. ಅದನ್ನು ಸುಲಿದು ಸವೆದ ತೋಳಿಗೆ ಯಾವ ಲೆಕ್ಕವೂ ಇಲ್ಲ. ಅವರ ಭುಜ ಹರಿದರೆ, ನನಗೆ ವಿಶ್ರಾಂತಿಯಾದ 3 ತಿಂಗಳು ಅವರಿಗೆ ಕೂಲಿಯಿಲ್ಲದ 3 ತಿಂಗಳು. ನನ್ನ ದುಃಖಕ್ಕೆ ಬಿಡುವಾದರೂ ಸಿಕ್ಕಿತು. ಅವರದಕ್ಕೆ ಅದೂ ಇಲ್ಲ.

ತಲೆಯ ಮೇಲೆ ದೊಡ್ಡ ಭಾರ ಎತ್ತುವುದನ್ನು ಬಿಟ್ಟಿದ್ದೇನೆ. ರಬ್ಬರ್ ಬ್ಯಾಂಡ್ ಎಳೆಯುವುದನ್ನು, ತೋಳನ್ನು ನಿಧಾನವಾಗಿ ಎತ್ತಿ ಇಳಿಸುವುದನ್ನು ಉಳಿಸಿಕೊಂಡಿದ್ದೇನೆ. ಬಿಟ್ಟದ್ದಕ್ಕೆ ಮನಸ್ಸು ಇನ್ನೂ ನೋಯುತ್ತದೆ. ನೋಯಲಿ ಎಂದೇ ಬಿಟ್ಟಿದ್ದೇನೆ.