ಓದಿ ಹೇಳುವ ಸೌಜನ್ಯ

ಅರಸೀಕೆರೆಯಂಥ ರೈಲ್ವೆ ಊರಿನಲ್ಲಿ ನವೆಂಬರ್ ಬಂತೆಂದರೆ ಪಿಂಚಣಿದಾರರ ಮನೆಗಳಲ್ಲಿ ಸಣ್ಣ ಗಡಿಬಿಡಿ. ತಾವು ಬದುಕಿದ್ದೇವೆ ಎಂದು ಸರ್ಕಾರಕ್ಕೆ ತೋರಿಸಿಕೊಡಬೇಕಾದ ತಿಂಗಳು ಅದು. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವುಂಟು. 2014ರಲ್ಲಿ ಜೀವನ್ ಪ್ರಮಾಣ್ ಬಂದು, ಬೆರಳಚ್ಚು ಕೊಟ್ಟರೆ ಸಾಕೆಂದಾಯಿತು. ಆದರೆ ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಬೆರಳನ್ನು ಯಂತ್ರ ಗುರುತಿಸಬೇಕಲ್ಲ! 2021ರ ನವೆಂಬರಿನಿಂದ ಮೊಬೈಲ್ ಮುಂದೆ ಮುಖ ತೋರಿಸಿದರೂ ಆಗುತ್ತದೆ. ಇದು ನಿಜವಾದ ಉಪಕಾರ; ಮೊಣಕಾಲು ನೋವಿನವರನ್ನು ಕೇಳಿ ನೋಡಿ.

ನನ್ನನ್ನು ಕಾಡುವುದು ಬೇರೆ ವಿಷಯ. ಪಕ್ಕದ ಮನೆಯ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ಮೊಮ್ಮಗ ಒಳ್ಳೆಯ ಹುಡುಗ. ಮೊಬೈಲ್ ಹಿಡಿದು "ಅಜ್ಜೀ, ಕಣ್ಣು ಮಿಟುಕಿಸು" ಎಂದ, ಕ್ಷಣದಲ್ಲಿ ಮುಗಿಯಿತು. ಓಟಿಪಿ ಬರುವುದೂ ಅವನ ನಂಬರಿಗೇ. "ಏನು ಬರೆದೆಯೋ?" ಎಂದು ಅಜ್ಜಿ ಕೇಳಿದರೆ, "ನಿಂಗೆ ಗೊತ್ತಾಗಲ್ಲ ಬಿಡಜ್ಜಿ" ಎಂಬ ಉತ್ತರ. ಆ ಅರ್ಜಿಯಲ್ಲಿ ಮರುಮದುವೆ ಆಗಿದೆಯೇ, ಮತ್ತೆ ಕೆಲಸಕ್ಕೆ ಸೇರಿದ್ದೀರಾ ಎಂಬ ಪ್ರಶ್ನೆಗಳೂ ಇವೆ. ನಾನು ಹೇಳಿದಾಗ ಅಜ್ಜಿ, "ಅಯ್ಯೋ ಟೀಚರಮ್ಮ, ನನ್ನ ಮದುವೆ ಸಮಾಚಾರ ನನ್ನನ್ನೇ ಕೇಳಲಿಲ್ಲವಲ್ಲ!" ಎಂದು ನಕ್ಕರು. ನಗು ಬೇಗ ನಿಂತಿತು.

ಹಿಂದೆ ಅಕ್ಷರ ಬಾರದ ಹೆಂಗಸರೂ ಬೇರೆಯವರ ಕೈಯಿಂದಲೇ ಕಾಗದ ಬರೆಸುತ್ತಿದ್ದರು. ಆದರೆ ಬರೆದವರು ಒಮ್ಮೆ ಓದಿ ಹೇಳುತ್ತಿದ್ದರು. ಪತ್ರದಲ್ಲಿ ಬರೆದಿರುವುದನ್ನು ಓದಿಸಿ, ಕೇಳಿ, ಒಪ್ಪಿದ ಮೇಲೆಯೇ ಹೆಬ್ಬೆಟ್ಟು. ಈಗ ಹೆಬ್ಬೆಟ್ಟಿನ ಜಾಗದಲ್ಲಿ ಓಟಿಪಿ ಕುಳಿತಿದೆ. ಓದಿ ಹೇಳುವವರು ಮಾತ್ರ ಎದ್ದು ಹೋಗಿದ್ದಾರೆ.

ಹಿರಿಯರೆಲ್ಲ ಮೊಬೈಲ್ ಕಲಿಯಲೇಬೇಕು ಎನ್ನುವವಳು ನಾನಲ್ಲ. ಎಂಬತ್ತೆರಡನೆಯ ವಯಸ್ಸಿನಲ್ಲಿ ಕಲಿಯದೆ ಇರುವ ಸ್ವಾತಂತ್ರ್ಯವೂ ಬೇಡವೇ? ಒತ್ತುವ ಬೆರಳು ಯಾರದಾದರೂ ಆಗಲಿ, ಮಾತು ಯಾರ ಹೆಸರಿನಲ್ಲಿ ಹೋಗುತ್ತದೋ ಅವರಿಗೆ ಅದು ತಿಳಿದಿರಬೇಕು. ಹುಡುಗನಿಗೆ ಪ್ರೀತಿಯಿಲ್ಲವೆನ್ನಲಾರೆ, ವ್ಯವಧಾನವಿಲ್ಲ. ಬ್ಯಾಂಕಿನ ಸಾಲಿನಲ್ಲಿ ಕಳೆಯುವ ಅರ್ಧ ದಿನ ಉಳಿಯಿತಲ್ಲ, ಅದರಲ್ಲಿ ಐದು ನಿಮಿಷ ಅಜ್ಜಿಯ ಪಾಲಿಗೆ ಬಾರದೇ? ಮಗುವಿನ ಲೆಕ್ಕವನ್ನು ನಾವೇ ಮಾಡಿಕೊಟ್ಟರೆ ನೋಟ್‌ಬುಕ್ ಚೊಕ್ಕವಾಗಿರುತ್ತದೆ, ಅಷ್ಟೆ.

ಬ್ಯಾಂಕಿಗೆ ಖುದ್ದಾಗಿ ಹೋಗಿ ಸಹಿ ಹಾಕುವ ದಾರಿ ಈಗಲೂ ಮುಚ್ಚಿಲ್ಲ. ನಮ್ಮ ಬೀದಿಯ ನಿವೃತ್ತ ಗಾರ್ಡೊಬ್ಬರು ಪ್ರತಿ ವರ್ಷ ಆಟೋ ಮಾಡಿಕೊಂಡು ಹೊರಡುತ್ತಾರೆ. ಮಗ ಅದನ್ನು ಹಟವೆನ್ನುತ್ತಾನೆ. ಅವರು ಮಾತ್ರ ಹಳೆಯ ಗೆಳೆಯರ ಸುದ್ದಿಯನ್ನೂ ಕಾಲು ಕಿಲೋ ಮೈಸೂರುಪಾಕನ್ನೂ ಹಿಡಿದು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುತ್ತಾರೆ.