ಹೊಳಪು ಯಾರ ಲೆಕ್ಕಕ್ಕೆ?

ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗುವವರು ರಸ್ತೆ ಬದಿಯ ಶೀಟು ಹೊದೆಸಿದ ಗ್ಯಾರೇಜುಗಳನ್ನು ನೋಡಿಯೇ ಇರುತ್ತಾರೆ. ಎದುರಿಗೆ ಒಂದು ಕಾರು, ಪಕ್ಕದಲ್ಲಿ ನೀರಿನ ಬಕೆಟು, ಬಗ್ಗಿ ನಿಂತು ಬಾಗಿಲನ್ನು ಉಜ್ಜುತ್ತಿರುವ ಒಬ್ಬ ಹುಡುಗ. ಆ ಹುಡುಗನ ಕೆಲಸದೊಳಗೆ ಒಂದು ನ್ಯಾಯದ ಪ್ರಶ್ನೆ ಉಂಟು. ಅದನ್ನು ಇಲ್ಲಿ ಗೆಳೆಯರ ಮುಂದೆ ಇಡುತ್ತಿದ್ದೇವೆ.

ಮೊದಲು ಕೆಲಸ ಎಂತದು ಎಂದು ತಿಳಿಯಬೇಕು. ಗುದ್ದಿದ ಕಾರಿನ ತಗಡನ್ನು ಟಿಂಕರ್ ತಟ್ಟಿ ಸರಿ ಮಾಡುತ್ತಾನೆ. ಪುಟ್ಟಿ, ಪ್ರೈಮರ್, ಬಣ್ಣ ಆಗುತ್ತದೆ. ಬಣ್ಣದ ಮೇಲೆ ಬಣ್ಣವೇ ಇಲ್ಲದ ಒಂದು ಪದರ ಹೊಡೆಯುತ್ತಾರೆ. ಅದಕ್ಕೆ ಕ್ಲಿಯರ್ ಎನ್ನುತ್ತಾರೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಹೊಳಪು ಕೊಡುವುದೂ ಈ ಪದರವೇ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಇದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲಿಗಿಂತ ತೆಳು. ಶೆಡ್ಡಿನಲ್ಲಿ ಗನ್ನಿನಿಂದ ಹೊಡೆದ ಕ್ಲಿಯರ್ ಒಣಗುವಾಗ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗಿ ನಿಲ್ಲುತ್ತದೆ, ಧೂಳೂ ಅಂಟುತ್ತದೆ. ಅದನ್ನು ನಯ ಮಾಡುವುದು ಹುಡುಗನ ಪಾಲು. ಗನ್ನು ಮೇಸ್ತ್ರಿಯ ಕೈಯಲ್ಲಿ, ಪೇಪರ್ ಹುಡುಗನ ಕೈಯಲ್ಲಿ.

1500 ನಂಬರಿನ ವಾಟರ್ ಪೇಪರ್, ಆಮೇಲೆ 2000, ಆಮೇಲೆ 3000. ನೀರು ಬಿಟ್ಟು ಬಿಟ್ಟು ಉಜ್ಜಬೇಕು. ಹಾಲಿನ ಹಾಗೆ ಬಿಳಿ ನೀರು ಇಳಿಯುತ್ತದೆ. ಒರೆಸಿ ನೋಡಿದರೆ ಕಾರು ಮಂಕಾಗಿರುತ್ತದೆ. ಅಲ್ಲಲ್ಲಿ ಹೊಳೆಯುವ ಚುಕ್ಕಿ ಮಾತ್ರ ಉಳಿದಿರುತ್ತದೆ. ಆ ಚುಕ್ಕಿ ಎಂದರೆ ತಗ್ಗು, ಪೇಪರ್ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಎಲ್ಲ ಒಂದೇ ಸಮ ಮಂಕಾದ ಮೇಲೆ ಕಾಂಪೌಂಡ್ ಹಚ್ಚಿ ಬಫಿಂಗ್ ಮಿಷನ್ ಹಿಡಿಯುತ್ತಾರೆ, ಮೊದಲು ಉಣ್ಣೆಯ ಪ್ಯಾಡು, ಆಮೇಲೆ ಸ್ಪಂಜಿನ ಪ್ಯಾಡು. ವಿಚಾರ ಮಾಡಿ ನೋಡಿ, ಉದ್ದಕ್ಕೂ ನಡೆಯುವುದು ಗೀರುವ ಕೆಲಸವೇ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ ತೆಗೆಯುವುದು, ಸಣ್ಣದನ್ನು ಇನ್ನೂ ಸಣ್ಣದರಿಂದ. ಕೊನೆಗೆ ಗೀರು ಎಷ್ಟು ಸಣ್ಣದಾಗುತ್ತದೆ ಎಂದರೆ ಬೆಳಕು ಚದುರದೆ ಕನ್ನಡಿಯಿಂದ ತಿರುಗಿದ ಹಾಗೆ ತಿರುಗುತ್ತದೆ. ಅದಕ್ಕೇ ಜನ ಹೊಳಪು ಎನ್ನುತ್ತಾರೆ.

ಇದು ಬುದ್ಧಿ ಬೇಡದ ಕೆಲಸ ಎಂದು ತಿಳಿದವರಿದ್ದಾರೆ. ಬಾಗಿಲಿನ ಅಂಚು, ಬಾನೆಟ್ಟಿನ ಗೆರೆ ಇಲ್ಲೆಲ್ಲ ಕ್ಲಿಯರ್ ತೆಳುವಾಗಿರುತ್ತದೆ. ಮಿಷನ್ ಒಂದು ಗಳಿಗೆ ಅಲ್ಲೇ ನಿಂತರೆ ಬಿಸಿಯೇರಿ ಬಣ್ಣ ಕಿತ್ತು ಬರುತ್ತದೆ. ಅದಕ್ಕೆ ಅಂಚಿಗೆ ಮೊದಲೇ ಟೇಪು ಅಂಟಿಸುತ್ತಾರೆ. ದಪ್ಪ ಅಳೆಯುವ ಮೀಟರು ಸಣ್ಣ ಶೆಡ್ಡಿನಲ್ಲಿ ಎಲ್ಲಿಂದ? ಅಂಗೈ ಆಡಿಸಿ, ಪೇಪರಿನ ಸದ್ದು ಕೇಳಿ ಎಲ್ಲಿ ನಿಲ್ಲಿಸಬೇಕು ಎಂದು ಹುಡುಗ ತಿಳಿಯುತ್ತಾನೆ.

ಕೆಲಸ ಮುಗಿದ ಮೇಲೆ ಕಾರಿನವರು ಬರುತ್ತಾರೆ. ಸುತ್ತು ಹಾಕಿ ನೋಡುತ್ತಾರೆ. ‘ಗುದ್ದಿದ್ದು ಗೊತ್ತೇ ಆಗುವುದಿಲ್ಲ ಮಾರಾಯ್ರೆ’ ಎಂದು ಮೇಸ್ತ್ರಿಗೆ ಹೇಳುತ್ತಾರೆ. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕೈ ಬಿದ್ದದ್ದು ಕಂಡರೆ ಕೆಲಸ ಕೆಟ್ಟಿತು ಎಂದೇ ಅರ್ಥ.

ಈ ಮಾತನ್ನು ನಾವೂ ಕೇಳಿದವರು. ನಮ್ಮ ಮನೆಗಳಿಂದ ಮೊದಲ ಸಲ ಡಿಗ್ರಿ ಮುಗಿಸಿದವರು ನಾವು. ಉಡುಪು, ಉಚ್ಚಾರ, ಕೈಬರಹ ಎಲ್ಲವನ್ನೂ ಉಜ್ಜಿ ಉಜ್ಜಿ ನಯ ಮಾಡಿದ ಮೇಲೆ ಕೆಲವರು ಪ್ರೀತಿಯಿಂದಲೇ ಹೇಳಿದರು: ‘ನಿಮ್ಮನ್ನು ನೋಡಿದರೆ ಆ ಜಾತಿಯವರು ಎಂದು ಗೊತ್ತೇ ಆಗುವುದಿಲ್ಲ.’ ಕಾರಿಗೆ ಹೇಳುವ ಮಾತನ್ನೇ ಮನುಷ್ಯರಿಗೂ ಹೇಳುತ್ತಾರೆ! ಒಂದು ಕೆಲಸದ, ಒಬ್ಬ ಮನುಷ್ಯನ ಒಳ್ಳೆಯತನವನ್ನು ಅವನ ಗುರುತು ಅಳಿಸಿಹೋದದ್ದರಿಂದ ಅಳೆಯುವುದು ನ್ಯಾಯವೆ?

ಯಾರಾದರೂ ವಾದ ಹೂಡಬಹುದು: ಅನ್ನದಲ್ಲಿ ಅಡುಗೆಯವಳ ಬೆರಳಚ್ಚು ಯಾರಿಗೆ ಬೇಕು? ಗುರುತು ಉಳಿಸದೆ ಇರುವುದೇ ಕಸುಬಿನ ಧರ್ಮ. ವಾದ ಸರಿಯೇ. ಬಾಗಿಲಿನ ಮೇಲೆ ಹುಡುಗನ ಬೆರಳ ಗುರುತು ಉಳಿಯಲಿ ಎಂದು ನಾವು ಕೇಳುವುದಿಲ್ಲ; ಅವನೂ ಕೇಳುವುದಿಲ್ಲ. ವಸ್ತುವಿನಿಂದ ಗುರುತು ಹೋಗಲಿ. ಆದರೆ ವಸ್ತುವಿನಿಂದ ಹೋದವನು ಲೆಕ್ಕದಿಂದಲೂ ಹೋಗುತ್ತಾನಲ್ಲ, ಅದು ಯಾವ ಧರ್ಮ? ಬಿಲ್ಲು ನೋಡಿ: ಪೈಂಟು ಇಷ್ಟು, ಲೇಬರ್ ಇಷ್ಟು. ಲೇಬರ್ ಎಂಬ ಒಂದು ಪದದೊಳಗೆ ಅವನ ಕೈ, ಕಣ್ಣು, ಶ್ವಾಸಕೋಶ ಎಲ್ಲ ಮುಚ್ಚಿಹೋಗುತ್ತದೆ.

ಶ್ವಾಸಕೋಶದ ಮಾತು ಸುಮ್ಮನೆ ಎತ್ತಿದ್ದಲ್ಲ. ಕ್ಲಿಯರಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೋಸಯನೇಟು ಉಂಟು. 1984ರ ಡಿಸೆಂಬರಿನಲ್ಲಿ ಭೋಪಾಲದ ಜನರನ್ನು ಕೊಂದದ್ದು ಮೀಥೈಲ್ ಐಸೋಸಯನೇಟು. ಎರಡೂ ಒಂದೇ ವಸ್ತುವಲ್ಲ, ಆದರೆ ಒಂದೇ ಕುಲದವು. ಸ್ಪ್ರೇಯ ಮಂಜು ಉಸಿರಿಗೆ ಹೋದರೆ ಆಸ್ತಮಾ ಹಿಡಿಯಬಹುದು. ಒಮ್ಮೆ ಹಿಡಿದರೆ ಆಮೇಲೆ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಪೂರ್ತಿ ಒಣಗದ ಕ್ಲಿಯರನ್ನು ಉಜ್ಜಿದ ಧೂಳೂ ಒಳ್ಳೆಯದಲ್ಲ. ಮೂಗಿಗೆ ಕಟ್ಟಿದ ಕರ್ಚೀಫು ಇದನ್ನು ತಡೆಯುವುದಿಲ್ಲ. 1948ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಗೆ ಐಸೋಸಯನೇಟಿನ ವಿಷಬಾಧೆಯೂ ಸೇರಿತ್ತು. ಆದರೆ ಆ ಕಾಯಿದೆಯಲ್ಲಿ ಕರೆಂಟಿನ ಕೆಲಸದಲ್ಲಿ ಹತ್ತು ಆಳಾದರೂ ಇದ್ದರೆ ಮಾತ್ರ ಸಾಮಾನ್ಯವಾಗಿ ಅದು ಕಾರ್ಖಾನೆ ಎನಿಸುತ್ತಿತ್ತು. ನಾಲ್ಕು ಹುಡುಗರ ಶೆಡ್ಡು ಕಾರ್ಖಾನೆಯಲ್ಲ; ಹಾಗಾಗಿ ಸರಕಾರಿ ಕಡತದಲ್ಲಿ ಅಲ್ಲಿ ರೋಗವೂ ಇರಲಿಲ್ಲ!

ಈ ಸೀಮೆಗೆ ಈ ಪ್ರಶ್ನೆ ಹಳೆಯದು. ಉಜ್ಜಿ ನಯ ಮಾಡಿದ ಮೈ ವೇಣೂರಿನ ಗೊಮ್ಮಟನದ್ದೂ ಹೌದು. 1604ರಲ್ಲಿ ಅದನ್ನು ನಿಲ್ಲಿಸಿದವನು ತಿಮ್ಮಣ್ಣ ಅಜಿಲ ಎಂದು ಚರಿತ್ರೆ ಹೇಳುತ್ತದೆ. ಕಾರ್ಕಳದ್ದು 1432ರದು, ವೀರಪಾಂಡ್ಯನ ಹೆಸರಿನಲ್ಲಿ. ಉಳಿ ಹಿಡಿದವನು ಯಾರು? ಅವನ ಹೆಸರು ತುಳು ಪಾಡ್ದನದಲ್ಲಿ ಉಂಟು: ಬೀರ ಕಲ್ಕುಡ. ಕಾರ್ಕಳದ ಕೆಲಸ ಮುಗಿದ ಮೇಲೆ, ಇಂಥದ್ದು ಬೇರೆಲ್ಲೂ ಆಗಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಉಳಿದ ಒಂದು ಕೈಯಲ್ಲಿ ಅವನು ವೇಣೂರಿನದ್ದನ್ನು ಕೆತ್ತಿದನಂತೆ. ತಂಗಿ ಕಲ್ಲುರ್ಟಿ ಅಣ್ಣನ ಕೈಗೆ ಲೆಕ್ಕ ಕೇಳಿದಳು. ಇಬ್ಬರೂ ದೈವಗಳಾಗಿ ಅರಸನನ್ನು ಕಾಡಿದರು. ಎರಡು ಗೊಮ್ಮಟಗಳ ನಡುವೆ 172 ವರ್ಷ, ಒಬ್ಬನೇ ಕೆತ್ತಲಾರ ಎಂದು ಪಂಡಿತರು ನಗಬಹುದು. ಪಾಡ್ದನ ಇಟ್ಟದ್ದು ಕಡಿದ ಕೈಯ ಲೆಕ್ಕ. ಆ ಲೆಕ್ಕವನ್ನು ಉಳಿಸಿದವರು ಪರವ, ಪಂಬದ, ನಲಿಕೆಯ ಜನ, ನಾಟಿ ಗದ್ದೆಯ ಹೆಂಗಸರು. ಬಂಟ್ವಾಳದ ಪಣೋಲಿಬೈಲಿನಲ್ಲಿ ಇಂದಿಗೂ ಕಲ್ಲುರ್ಟಿಗೆ ಅಗೇಲು ಸೇವೆ ನಡೆಯುತ್ತದೆ. ಅಲ್ಲಿಗೆ ಹೊಳೆಯುವ ಕಾರುಗಳಲ್ಲಿ ಬಂದವರು ಕೈಮುಗಿಯುವುದು ಒಬ್ಬ ಕೆಲಸಗಾರನ ತಂಗಿಗೆ.

ಹಾಗಾದರೆ ಮಾಡುವುದೆಂತ? ಹತ್ತನೇ ಕ್ಲಾಸು ಬಿಟ್ಟು ಶೆಡ್ಡಿಗೆ ಹೋದ ಹುಡುಗರನ್ನು ಮಾಸ್ತರರು ಒಮ್ಮೆ ಹೋಗಿ ನೋಡಲಿ. ಹಾರ್ಡನರಿನ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿರುವ ಎಚ್ಚರಿಕೆಯನ್ನು ಓದಿ ಕನ್ನಡದಲ್ಲಿ, ತುಳುವಿನಲ್ಲಿ ಹೇಳಲಿ. ಮಿಷನಿಗಿಂತ ಮೊದಲು ಸರಿಯಾದ ಮಾಸ್ಕು ಕೊಡಿ ಎಂದು ಸಂಘಟನೆಯವರು ಕೇಳಲಿ. ಬಿಲ್ಲಿನಲ್ಲಿ ಉಜ್ಜಿದವನ ಕೂಲಿ ಬೇರೆ ಸಾಲಿನಲ್ಲಿ, ಅವನ ಹೆಸರಿನ ಜೊತೆ ಬರಲಿ. ಇದು ದೊಡ್ಡ ಕ್ರಾಂತಿಯೇನಲ್ಲ, ಒಂದು ಸಾಲಿನ ಮಾತು. ಆದರೆ ಆ ಒಂದು ಸಾಲಿಗೆ ಎಷ್ಟು ಜನ ತಕರಾರು ತೆಗೆಯುತ್ತಾರೆ ನೋಡಿ, ಆಗ ವ್ಯವಸ್ಥೆಯ ಪರಿಚಯವಾಗುತ್ತದೆ.

‘ಗೊತ್ತೇ ಆಗುವುದಿಲ್ಲ’ ಎಂದು ಕಾರಿನ ಬಗ್ಗೆ ಹೇಳಿದರೆ ಹುಡುಗ ಹೆಮ್ಮೆಪಡಲಿ. ನಮ್ಮ ಬಗ್ಗೆ ಹೇಳಿದರೆ ನಾವು ಅಪ್ಪನ ಹೆಸರು, ನಮ್ಮ ಕಾಲನಿಯ ಹೆಸರು ಹೇಳುತ್ತೇವೆ.