ಪ್ರಶ್ನೆ ಕೇಳುವುದು ಅವಿಧೇಯತೆಯೇ?

ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯಲ್ಲಾದರೂ ನರ್ಸಿಂಗ್ ಕಲಿಯುತ್ತಿರುವ ಒಬ್ಬ ಮಗಳು ಇರಬಹುದು. ಈಚೆಗೆ ಗಂಡುಮಕ್ಕಳೂ ಹೋಗುತ್ತಾರೆ, ಒಳ್ಳೆಯದೇ. ಅಲ್ಲಿ ಅವಳು ಕಲಿಯುವ ಪಾಠಗಳಲ್ಲಿ ಔಷಧದ ಲೆಕ್ಕವೂ ಒಂದು. ಡಾಕ್ಟರು ಬರೆದ ಪ್ರಮಾಣವನ್ನು ಬಾಟಲಿಯ ಮೇಲಿನ ಪ್ರಮಾಣದಿಂದ ಭಾಗಿಸಬೇಕು. ಆ ಪ್ರಮಾಣ ಎಷ್ಟು ಮಿಲಿಲೀಟರಿನಲ್ಲಿದೆಯೋ ಅದರಿಂದ ಗುಣಿಸಬೇಕು. 10 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಬರೆದಿದ್ದಾರೆ ಎನ್ನಿ, ಒಟ್ಟು 150 ಮಿಲಿಗ್ರಾಂ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ ಆದರೆ 6 ಮಿಲಿಲೀಟರ್ ಕೊಡಬೇಕು. ಅದೇ ಸಿರಪ್ 250 ಮಿಲಿಗ್ರಾಂನದೂ ಅಂಗಡಿಯಲ್ಲಿ ಸಿಗುತ್ತದೆ; ಅದಾದರೆ 3 ಮಿಲಿಲೀಟರ್ ಸಾಕು. ಬಾಟಲಿ ನೋಡದೆ ಚಮಚ ಮಾತ್ರ ಎಣಿಸುವ ಮನೆಗಳಲ್ಲೂ ಈ ಪಾಠ ಗೊತ್ತಿದ್ದರೆ ಒಳ್ಳೆಯದು.

ಲೆಕ್ಕ ಕಷ್ಟದ್ದಲ್ಲ. ಆದರೆ ಶಾಲೆಯಲ್ಲಿ ದಶಾಂಶ ಬಿಂದು ತಪ್ಪಿದರೆ ಒಂದು ಅಂಕ ಹೋಗುತ್ತದೆ. ವಾರ್ಡಿನಲ್ಲಿ ಔಷಧ ಹತ್ತು ಪಾಲಾಗುತ್ತದೆ. ಅದಕ್ಕೇ 1.0 ಎಂದು ಬರೆಯಬಾರದು, ಬಿಂದು ಮಾಸಿದರೆ ಅದು 10 ಆಗಿ ಕಾಣುತ್ತದೆ ಎಂದು ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದನ್ನೂ ಬಾಯಿಪಾಠ ಮಾಡಿಸುತ್ತಾರೆ.

ಇಷ್ಟರವರೆಗೆ ಇದು ಜಾಗ್ರತೆಯ ಮಾತು. ಮನಸ್ಸಾಕ್ಷಿಯ ಪ್ರಶ್ನೆ ಏಳುವುದು ನರ್ಸ್ ಮಾಡಿದ ಲೆಕ್ಕ ಸರಿಯಾಗಿದ್ದು, ಡಾಕ್ಟರು ಬರೆದದ್ದೇ ತಪ್ಪಾಗಿದ್ದಾಗ. ಹೇಳಿದಂತೆ ಕೊಟ್ಟವಳ ಮೇಲೆ ಹೊಣೆ ಉಂಟೇ?

ಅಮೆರಿಕದಲ್ಲಿ ಮನೋವೈದ್ಯ ಚಾರ್ಲ್ಸ್ ಹೋಫ್ಲಿಂಗ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ 1966ರಲ್ಲಿ ಪ್ರಕಟಿಸಿದರು. ವಾರ್ಡಿನಲ್ಲಿ ಕೆಲಸದಲ್ಲಿದ್ದ ನರ್ಸಿಗೆ ಫೋನ್ ಬರುತ್ತದೆ. ಆಕೆ ಕಂಡರಿಯದ ಒಬ್ಬ ಡಾಕ್ಟರು, ಇಂಥ ರೋಗಿಗೆ ‘ಅಸ್ಟ್ರೋಟೆನ್’ 20 ಮಿಲಿಗ್ರಾಂ ಕೊಡಿ, ನಾನು ಆಮೇಲೆ ಬಂದು ಸಹಿ ಹಾಕುತ್ತೇನೆ ಎನ್ನುತ್ತಾರೆ. ಡಬ್ಬಿಯ ಮೇಲೆ, ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಬರೆದಿತ್ತು. ಫೋನಿನಲ್ಲಿ ಹೇಳಿದ ಔಷಧ ಕೊಡಬಾರದೆಂಬ ನಿಯಮವೂ ಇತ್ತು. ಹೀಗೆ ಫೋನ್ ಬಂದ 22 ನರ್ಸುಗಳಲ್ಲಿ 21 ಮಂದಿ ಔಷಧ ತೆಗೆದುಕೊಂಡು ರೋಗಿಯ ಕಡೆಗೆ ಹೊರಟೇಬಿಟ್ಟರು! ದಾರಿಯಲ್ಲೇ ಅವರನ್ನು ತಡೆದು ನಿಜ ತಿಳಿಸಲಾಯಿತು. ಡಬ್ಬಿಯಲ್ಲಿದ್ದದ್ದು ಬರೀ ಗ್ಲೂಕೋಸ್, ಹೆಸರೂ ಕಟ್ಟಿದ್ದೇ.

ರೋಗಿಗಳಿಗೂ ನರ್ಸುಗಳಿಗೂ ತಿಳಿಸದೆ ಹೀಗೆ ಪರೀಕ್ಷಿಸಿದ್ದು ಸರಿಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ಅದರ ಇನ್ನೊಂದು ಭಾಗವನ್ನು ಗಮನಿಸಿ. ಇದೇ ಸನ್ನಿವೇಶವನ್ನು ಬಾಯಿಮಾತಿನಲ್ಲಿ ವಿವರಿಸಿ, ನೀವಾದರೆ ಏನು ಮಾಡುತ್ತಿದ್ದಿರಿ ಎಂದು 21 ನರ್ಸಿಂಗ್ ವಿದ್ಯಾರ್ಥಿನಿಯರನ್ನು ಕೇಳಿದರು. ಕೊಡುವುದಿಲ್ಲ ಎಂದರು, ಒಬ್ಬರೂ ಬಿಡದೆ. ಅವರು ಸುಳ್ಳು ಹೇಳಲಿಲ್ಲ. ತರಗತಿಯಲ್ಲಿ ಕುಳಿತು ಉತ್ತರಿಸುವಾಗ ಎದುರಿಗೆ ಫೋನಿರುವುದಿಲ್ಲ, ಗಡಸು ದನಿ ಇರುವುದಿಲ್ಲ, ಕೆಲಸ ಹೋದೀತೆಂಬ ಭಯವಿರುವುದಿಲ್ಲ, ಅಷ್ಟೆ.

ಆ 21 ನರ್ಸುಗಳು ಕೆಟ್ಟವರಲ್ಲ. ಅವರು ವಿಧೇಯರು. ವಿಧೇಯತೆಯನ್ನು ದೊಡ್ಡ ಗುಣವೆಂದು ನಮ್ಮ ಮನೆಗಳಲ್ಲಿ ಎಳವೆಯಿಂದಲೇ ಕಲಿಸುತ್ತೇವೆ. ಹೆಣ್ಣುಮಕ್ಕಳಿಗಂತೂ ತುಸು ಹೆಚ್ಚಾಗಿಯೇ. ಆದರೆ ಸಂತ ತೋಮಸ್ ಅಕ್ವಿನಾಸರು ಕೂಡ ಮೇಲಿನವರ ಮಾತನ್ನು ಎಲ್ಲ ವಿಷಯಗಳಲ್ಲೂ ಪಾಲಿಸಲೇಬೇಕೆಂದು ಕಲಿಸಲಿಲ್ಲ. ಮನುಷ್ಯರ ಅಧಿಕಾರಕ್ಕೆ ಮೇರೆಯಿದೆ ಎಂದರು. ಇನ್ನು ಮರಿಯಮ್ಮನವರನ್ನೇ ನೋಡಿ. ದೇವದೂತ ತಂದ ಸಂದೇಶಕ್ಕೆ ಒಪ್ಪಿಗೆ ಕೊಡುವ ಮೊದಲು ಅವರು, ಇದು ಹೇಗಾದೀತು ಎಂದು ಕೇಳಿದರು. ಅದನ್ನು ಅವಿಧೇಯತೆ ಎಂದು ಯಾರೂ ಹೇಳಿಲ್ಲ. ಅವರಿಗೆ ಉತ್ತರವೂ ಸಿಕ್ಕಿತು.

ಹಾಗಾಗಿ ಹೊಣೆ ಉಂಟು ಎಂದೇ ನನ್ನ ಅಭಿಪ್ರಾಯ. ಆದರೆ ಅದು ಅವಳೊಬ್ಬಳದ್ದೇ ಅಲ್ಲ. ಡಾಕ್ಟರೇ, ಇದು 20 ಮಿಲಿಗ್ರಾಂ ತಾನೇ, ಡಬ್ಬಿಯಲ್ಲಿ ಬೇರೆ ಬರೆದಿದೆ ಎಂದು ಕೇಳಿದ ಹುಡುಗಿಯನ್ನು ಎಲ್ಲರೆದುರು ಗದರಿದವರು ಮುಂದಿನ ಸಲದ ತಪ್ಪಿಗೂ ಪಾಲುದಾರರು. ಅಂಥವಳು ಇನ್ನೊಮ್ಮೆ ಕೇಳುವುದಿಲ್ಲ.

1977ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ವಿಷಯಕ್ಕೆ ಬೆಳಕು ಚೆಲ್ಲುತ್ತದೆ. ಅಲ್ಲಿ ಹೇಳಿದ್ದು ನರ್ಸುಗಳಿಗೆ ಪರಿಚಯವಿದ್ದ ವ್ಯಾಲಿಯಂ ಎಂಬ ಔಷಧ. ಪ್ರಮಾಣ ಮಾತ್ರ ಮಿತಿಮೀರಿತ್ತು. ಜೊತೆಯವರೊಡನೆ ಮಾತಾಡಲು ಅವಕಾಶವೂ ಇತ್ತು. ಆಗ 18ರಲ್ಲಿ 16 ಮಂದಿ ಕೊಡಲಿಲ್ಲ. ಔಷಧದ ತಿಳಿವಳಿಕೆ ಮತ್ತು ಪಕ್ಕದಲ್ಲಿ ಕೇಳಲು ಒಂದು ಜೀವ, ಇವೆರಡು ಇದ್ದಾಗ ಎಷ್ಟು ವ್ಯತ್ಯಾಸ!

ಮಗಳು ಕ್ರಿಸ್ಮಸ್ ರಜೆಗೆ ಬಂದಾಗ ಹಾಸ್ಟೆಲಿನ ಊಟದ ಬಗ್ಗೆ, ಫೀಸಿನ ಬಗ್ಗೆ ಹೇಗೂ ವಿಚಾರಿಸುತ್ತೀರಿ. ಇದನ್ನೂ ಕೇಳಿ ನೋಡಿ: ರಾತ್ರಿ ಪಾಳಿಯಲ್ಲಿ ಸಂಶಯ ಬಂದರೆ ಯಾರನ್ನು ಕೇಳುತ್ತೀ ಮಗಳೇ? ಅವಳು ಕೂಡಲೇ ಒಂದು ಹೆಸರು ಹೇಳುತ್ತಾಳೋ ಇಲ್ಲವೋ ಗಮನಿಸಿ.